ಕೈಕುಲುಕಿದ ಒಪ್ಪಂದ, ಪುಕ್ಕಟೆ ಹಾಡು

ನನ್ನ ಹತ್ತಿರ ಒಂದು ಹಳೆಯ ಹಾರ್ಡ್ ಡಿಸ್ಕ್ ಇದೆ. ಈಗ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ಮರುಕ್ಷಣ ಸುಮ್ಮನಾಗುತ್ತದೆ. ಅದರಲ್ಲಿದ್ದ ನೂರಾರು ಫೋಲ್ಡರುಗಳಲ್ಲಿ ಒಂದರ ಹೆಸರು ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’. ಅಮೆರಿಕದ ‘ನ್ಯೂಟ್ರಲ್ ಮಿಲ್ಕ್ ಹೋಟೆಲ್’ ಎಂಬ ವಿಚಿತ್ರ ಹೆಸರಿನ ತಂಡದ ಆಲ್ಬಂ ಅದು. ಹನ್ನೊಂದು ಹಾಡು, ಒಟ್ಟು ನಲವತ್ತು ನಿಮಿಷ. ಆ್ಯನ್ ಫ್ರಾಂಕಳ ದಿನಚರಿ ಓದಿ ತಲ್ಲಣಿಸಿಹೋದ ಒಬ್ಬ ಹುಡುಗ ಕಟ್ಟಿದ ಹಾಡುಗಳು. ಗಂಟಲು ಹರಿಯುವ ಹಾಗೆ ಕೂಗುವ ದನಿ, ಮದುವೆ ಮನೆಯ ಬ್ಯಾಂಡಿನಂಥ ತುತ್ತೂರಿ, ನಡುವೆ ಗರಗಸದಿಂದ ಹೊರಡಿಸಿದ ಅಳುವಿನಂಥ ಒಂದು ನಾದ. ಬೆಂಗಳೂರಿನ ಹಾಸ್ಟೆಲೊಂದರಲ್ಲಿ, ಪಕ್ಕದ ರೂಮಿನವನ ಕಂಪ್ಯೂಟರಿನಿಂದ ಲ್ಯಾನ್ ತಂತಿಯ ಮೂಲಕ ಅದು ನನ್ನ ಬಳಿ ಬಂತು. ಅವನಿಗೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಆ ದಿನಗಳಲ್ಲಿ ಹಾಗೆ ಕೇಳುವುದು, ಮಳೆ ಯಾರ ಮನೆಯಿಂದ ಬಂತು ಎಂದು ಕೇಳಿದಷ್ಟೇ ಪೆದ್ದುತನ.

ಫೋಲ್ಡರಿನಲ್ಲಿ ಹಾಡಿನ ಹೆಸರಿತ್ತು, ತಂಡದ ಹೆಸರಿತ್ತು. ಅದನ್ನು ಹೊರತಂದವರು ಯಾರು ಎಂಬುದಿರಲಿಲ್ಲ. ‘ಮರ್ಜ್ ರೆಕಾರ್ಡ್ಸ್’ ಎಂಬ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ, ಅದೂ ಒಂದು ಕೆಟ್ಟ ಸುದ್ದಿಯ ಜೊತೆಗೆ. 2009ರ ಫೆಬ್ರವರಿಯಲ್ಲಿ ಶಿಕಾಗೋದ ‘ಟಚ್ ಅಂಡ್ ಗೋ’ ಎಂಬ ಸಂಸ್ಥೆ, ಬೇರೆ ಲೇಬಲ್‌ಗಳ ರೆಕಾರ್ಡುಗಳನ್ನು ಮಾಡಿಸಿ ಹಂಚುವ ಕೆಲಸವನ್ನು ನಿಲ್ಲಿಸುತ್ತಿದ್ದೇನೆ ಎಂದು ಪ್ರಕಟಿಸಿತು. ಹಾಗೆ ನಡುನೀರಿನಲ್ಲಿ ನಿಂತ ಲೇಬಲ್‌ಗಳ ಪಟ್ಟಿಯಲ್ಲಿ ಮರ್ಜ್ ಕೂಡ ಇತ್ತು. ಅದರ ಜೊತೆಗಿದ್ದ ಪಟ್ಟಿಯನ್ನು ನೋಡುತ್ತ ಹೋದರೆ, ನನ್ನ ಹಾರ್ಡ್ ಡಿಸ್ಕಿನ ಅರ್ಧ ಫೋಲ್ಡರುಗಳು ಅಲ್ಲಿದ್ದವು. ಒಂದಕ್ಕೂ ನಾನು ಬಿಡಿಗಾಸು ಕೊಟ್ಟಿರಲಿಲ್ಲ. ಈ ಮುಚ್ಚುವಿಕೆಯಲ್ಲಿ ನನ್ನ ಬೆರಳೂ ಇತ್ತೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇದ್ದರೆ, ಎಷ್ಟು?

ಉತ್ತರ ಹುಡುಕಬೇಕಾದರೆ ಈ ಲೇಬಲ್ ಎಂಬ ಪ್ರಾಣಿ ಯಾವುದು ಎಂದು ಮೊದಲು ತಿಳಿಯಬೇಕು. ಕನ್ನಡದ ಓದುಗರಿಗೆ ಇದು ಕಷ್ಟವಲ್ಲ. ಪುಸ್ತಕಕ್ಕೆ ಪ್ರಕಾಶಕ ಹೇಗೋ ಹಾಡಿಗೆ ಲೇಬಲ್ ಹಾಗೆ. ದೊಡ್ಡ ಲೇಬಲ್ ಎಂದರೆ ಹಡಗಿನಂಥ ಕಂಪನಿ. ಸ್ವತಂತ್ರ ಲೇಬಲ್ ಎಂದರೆ ನಮ್ಮ ಸಣ್ಣ ಪ್ರಕಾಶಕರ ಹಾಗೆ ಸಾವಿರ ಪ್ರತಿ ಅಚ್ಚು ಹಾಕಿಸಿ, ಮನೆಯ ಮಂಚದ ಕೆಳಗೆ ಪೇರಿಸಿಟ್ಟುಕೊಂಡು, ಅಂಗಡಿಯವನು ಯಾವಾಗ ಹಣ ಕೊಡುತ್ತಾನೋ ಎಂದು ಕಾಯುವವರು.

1980ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ‘ಟೀನ್ ಐಡಲ್ಸ್’ ಎಂಬ ಹುಡುಗರ ತಂಡವೊಂದು ಒಡೆದುಹೋಯಿತು. ಅಲ್ಲಿ ಇಲ್ಲಿ ಹಾಡಿ ಬಂದ ಹಣವನ್ನು ಅವರು ಖರ್ಚು ಮಾಡದೆ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು, ಸುಮಾರು 600 ಡಾಲರ್. ಹಂಚಿಕೊಂಡು ಮನೆಗೆ ಹೋಗುವ ಬದಲು, ತಮ್ಮ ಹಾಡುಗಳ ಒಂದು ಚಿಕ್ಕ ರೆಕಾರ್ಡನ್ನು ಸಾವಿರ ಪ್ರತಿ ಮಾಡಿಸಿದರು. ಹೊದಿಕೆ ಮಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನಿಂದ ಬಂದ ರೆಕಾರ್ಡೊಂದರ ಹೊದಿಕೆಯ ಅಂಟು ಬಿಡಿಸಿ, ಹಾಳೆಯ ಮೇಲೆ ಹರಡಿ, ಅಂಚಿನ ಗೆರೆ ಎಳೆದುಕೊಂಡು, ಅದರಂತೆ ಕತ್ತರಿಸಿ ಮಡಿಚಿ ಅಂಟಿಸಿದರು. ‘ಡಿಸ್ಕಾರ್ಡ್ ರೆಕಾರ್ಡ್ಸ್’ ಹುಟ್ಟಿದ್ದು ಹೀಗೆ. ಅದನ್ನು ಕಟ್ಟಿದ ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ ಆಗ ಇನ್ನೂ ಮೀಸೆ ಬಲಿಯದ ಹುಡುಗರು. ಮೆಕಾಯ್ ಮುಂದೆ ಕಟ್ಟಿದ ‘ಫುಗಾಜಿ’ ತಂಡ ಜಗತ್ತು ಸುತ್ತಿತು. ಆದರೂ ಅವರ ಕಛೇರಿಯ ಟಿಕೆಟ್ಟು ಬಹಳ ಕಾಲ ಐದು ಡಾಲರಿನ ಆಸುಪಾಸಿನಲ್ಲೇ ಇತ್ತು.

ಟಚ್ ಅಂಡ್ ಗೋ ಹುಟ್ಟಿದ್ದು ಪತ್ರಿಕೆಯಾಗಿ. 1979ರಲ್ಲಿ ಮಿಷಿಗನ್ ರಾಜ್ಯದಲ್ಲಿ ಟೆಸ್ಕೋ ವೀ ಮತ್ತು ಡೇವ್ ಸ್ಟಿಮ್ಸನ್ ಎಂಬಿಬ್ಬರು ಜೆರಾಕ್ಸ್ ಮಾಡಿ ಹಂಚುತ್ತಿದ್ದ ಒಂದು ಪುಂಡು ಪತ್ರಿಕೆ ಅದು. ಲಂಕೇಶ್ ಪತ್ರಿಕೆಯ ಬೆನ್ನಿಗೆ ಪತ್ರಿಕೆ ಪ್ರಕಾಶನ ಬಂದ ಹಾಗೆ, ಆ ಪತ್ರಿಕೆಯ ಬೆನ್ನಿಗೆ ರೆಕಾರ್ಡುಗಳು ಬಂದವು. ಕೋರಿ ರಸ್ಕ್ ಎಂಬ ಯುವಕ ಅದನ್ನು ವಹಿಸಿಕೊಂಡು ಶಿಕಾಗೋಗೆ ಒಯ್ದ. ಅವನು ಮಾಡುತ್ತಿದ್ದ ಒಪ್ಪಂದದ ರೀತಿ ಸರಳವಾಗಿತ್ತು. ಖರ್ಚೆಲ್ಲ ಕಳೆದು ಉಳಿದದ್ದರಲ್ಲಿ ಅರ್ಧ ತಂಡಕ್ಕೆ, ಅರ್ಧ ಲೇಬಲ್‌ಗೆ. ಕಾಗದವಿಲ್ಲ, ವಕೀಲರಿಲ್ಲ, ಕೈಕುಲುಕಿದರೆ ಆಯಿತು.

ಈ ಅರ್ಧ-ಅರ್ಧದ ಬೆಲೆ ತಿಳಿಯಬೇಕಾದರೆ ಆಚೆ ಬದಿಯ ಲೆಕ್ಕ ನೋಡಬೇಕು. ಟಚ್ ಅಂಡ್ ಗೋದಿಂದಲೇ ಹಾಡು ಹೊರತಂದ ‘ಬಿಗ್ ಬ್ಲ್ಯಾಕ್’ ತಂಡದ ಸ್ಟೀವ್ ಆಲ್ಬಿನಿ 1993ರಲ್ಲಿ ‘ದಿ ಬ್ಯಾಫ್ಲರ್’ ಎಂಬ ಪತ್ರಿಕೆಗೆ ಒಂದು ಪ್ರಬಂಧ ಬರೆದ. ದೊಡ್ಡ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ಒಂದು ಕಾಲ್ಪನಿಕ ತಂಡ ಎರಡೂವರೆ ಲಕ್ಷ ಪ್ರತಿ ಮಾರಿತೆಂದು ಇಟ್ಟುಕೊಂಡು, ಮುಂಗಡ, ಸ್ಟುಡಿಯೋ, ವಕೀಲ, ಮ್ಯಾನೇಜರು, ವಿಡಿಯೋ, ಬಸ್ಸಿನ ಬಾಡಿಗೆ ಎಲ್ಲವನ್ನೂ ಸಾಲುಸಾಲಾಗಿ ಕಳೆಯುತ್ತ ಹೋದ. ಕೊನೆಗೆ ಕಂಪನಿಗೆ ಉಳಿದದ್ದು ಏಳು ಲಕ್ಷ ಡಾಲರಿಗೂ ಮೇಲೆ, ತಂಡದ ಒಬ್ಬೊಬ್ಬನಿಗೆ ಉಳಿದದ್ದು ನಾಲ್ಕು ಸಾವಿರ ಚಿಲ್ಲರೆ. ಅಂಗಡಿಯಲ್ಲಿ ಕೂಲಿ ಮಾಡಿದ್ದರೂ ಅಷ್ಟು ಬರುತ್ತಿತ್ತು. ಸಾಹಿತ್ಯದ ದೃಷ್ಟಿಯಿಂದಲೂ ಅದೊಂದು ಗಟ್ಟಿ ಪ್ರಬಂಧ. ಬೈಗುಳದಿಂದ ಶುರುವಾಗಿ ಕಿರಾಣಿ ಅಂಗಡಿಯ ಚೀಟಿಯಂಥ ಒಂದು ಪಟ್ಟಿಯಲ್ಲಿ ಮುಗಿಯುತ್ತದೆ.

ಕೈಕುಲುಕಿದ ಒಪ್ಪಂದಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಇಂಟರ್ನೆಟ್ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಟಚ್ ಅಂಡ್ ಗೋದ ಹಳೆಯ ತಂಡವಾದ ‘ಬಟ್‌ಹೋಲ್ ಸರ್ಫರ್ಸ್’ ದೊಡ್ಡ ಕಂಪನಿಗೆ ಹೋಗಿ ಹೆಸರು ಮಾಡಿದ ಮೇಲೆ, ತಮ್ಮ ಹಳೆಯ ರೆಕಾರ್ಡುಗಳಿಗೂ ಅರ್ಧದ ಬದಲು ಶೇಕಡ 80 ಪಾಲು ಕೇಳಿತು. ರಸ್ಕ್ ಒಪ್ಪಲಿಲ್ಲ. ತಂಡ ಕೋರ್ಟಿಗೆ ಹೋಯಿತು. ಕೊನೆಗೆ 1999ರಲ್ಲಿ ಮೇಲ್ಮನವಿ ನ್ಯಾಯಾಲಯವೂ ತಂಡದ ಪರ ತೀರ್ಪು ಕೊಟ್ಟಿತು. ಕಾಲಾವಧಿ ಹೇಳದೆ ಬಾಯಿಮಾತಿನಲ್ಲಿ ಮಾಡಿಕೊಂಡ ಒಪ್ಪಂದವನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಮುರಿಯಬಹುದು ಎಂಬುದು ಅದರ ಸಾರ. ಕಾನೂನಿನ ಕಣ್ಣಿನಲ್ಲಿ ಅದು ತಪ್ಪೇನಲ್ಲ, ಹಾಡು ಕಟ್ಟಿದವರ ಹಕ್ಕು ಅವರದು. ಆದರೆ ಮಾತಿನ ಮೇಲೆ ನಡೆಯುತ್ತಿದ್ದ ಒಂದು ಲೋಕಕ್ಕೆ ಮಾತಿನ ತೂಕ ಎಷ್ಟು ಎಂದು ಅಂದು ತಿಳಿಯಿತು. ಅದೇ ವರ್ಷದ ಜೂನ್‌ನಲ್ಲಿ ಶಾನ್ ಫ್ಯಾನಿಂಗ್ ಎಂಬ ಹದಿಹರೆಯದ ವಿದ್ಯಾರ್ಥಿ ‘ನ್ಯಾಪ್‌ಸ್ಟರ್’ ಎಂಬ ತಂತ್ರಾಂಶವನ್ನು ಹೊರಬಿಟ್ಟ.

ನ್ಯಾಪ್‌ಸ್ಟರ್‌ಗೆ ಹೋಗುವ ಮುನ್ನ ಒಂದು ಹೆಜ್ಜೆ ಹಿಂದೆ. ನಕಲು ಮಾಡುವುದು ಹೊಸದಲ್ಲ. ನಮ್ಮೂರುಗಳಲ್ಲಿ ಕ್ಯಾಸೆಟ್ ಅಂಗಡಿಗಳಿದ್ದವಲ್ಲ, ಹಾಡುಗಳ ಪಟ್ಟಿ ಬರೆದುಕೊಟ್ಟು ಖಾಲಿ ಕ್ಯಾಸೆಟ್ ಕೊಟ್ಟರೆ ಎರಡು ದಿನಕ್ಕೆ ತುಂಬಿಸಿಕೊಡುತ್ತಿದ್ದರು. ಅದು ಕಳ್ಳತನ ಎಂದು ನಮಗಾಗಲಿ ಅಂಗಡಿಯವನಿಗಾಗಲಿ ಹೊಳೆದೇ ಇರಲಿಲ್ಲ. ಬ್ರಿಟನ್ನಿನಲ್ಲಿ 80ರ ದಶಕದ ಆರಂಭದಲ್ಲಿ ರೆಕಾರ್ಡು ಕಂಪನಿಗಳ ಸಂಘ, ಮನೆಯಲ್ಲಿ ಕ್ಯಾಸೆಟ್ ತುಂಬಿಸಿಕೊಳ್ಳುವುದು ಸಂಗೀತವನ್ನು ಕೊಲ್ಲುತ್ತಿದೆ ಎಂದು ದೊಡ್ಡ ಪ್ರಚಾರ ನಡೆಸಿತು. ಅದನ್ನು ಅಣಕಿಸಿ ಅಮೆರಿಕದ ‘ಡೆಡ್ ಕೆನಡೀಸ್’ ತಂಡ ತಮ್ಮದೇ ಲೇಬಲ್‌ನಿಂದ ತಂದ ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಖಾಲಿ ಬಿಟ್ಟಿತು. ಅದು ಸಾಯಿಸುತ್ತಿರುವುದು ಉದ್ಯಮದ ಲಾಭವನ್ನು, ನಿಮ್ಮ ಅನುಕೂಲಕ್ಕೆಂದು ಈ ಮಗ್ಗುಲು ಖಾಲಿ ಬಿಟ್ಟಿದ್ದೇವೆ ಎಂದು ಅದರ ಮೇಲೆ ಅಚ್ಚು ಹಾಕಿಸಿತ್ತು. ಸಣ್ಣವರಿಗೆ ಆಗ ನಕಲೆಂದರೆ ಗೆಳೆಯನಿದ್ದ ಹಾಗೆ. ಒಬ್ಬ ಕೊಂಡ ರೆಕಾರ್ಡು ಹತ್ತು ಕ್ಯಾಸೆಟ್ಟಾಗಿ ಹತ್ತು ಊರು ಸುತ್ತಿದರೆ, ಮುಂದಿನ ವರ್ಷ ತಂಡ ಆ ಊರಿಗೆ ಹೋದಾಗ ಕೇಳುವವರು ಇರುತ್ತಿದ್ದರು.

ಕ್ಯಾಸೆಟ್ಟಿನ ನಕಲಿಗೆ ಒಂದು ಮಿತಿಯಿತ್ತು. ನಕಲಿನ ನಕಲು ಮಾಡುತ್ತ ಹೋದರೆ ಹಾಡು ಮಸುಕಾಗುತ್ತದೆ, ಕೊನೆಗೆ ಸಿಳ್ಳೆಯಂಥ ಸದ್ದೊಂದೇ ಉಳಿಯುತ್ತದೆ. ಅಸಲನ್ನು ಕೊಳ್ಳಬೇಕೆಂಬ ಆಸೆ ಹುಟ್ಟುತ್ತಿದ್ದದ್ದೇ ಅಲ್ಲಿ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಜೊತೆಗಾರರು ರೂಪಿಸಿದ ಎಂಪಿ3, ಮನುಷ್ಯನ ಕಿವಿಗೆ ಕೇಳಿಸದ ಭಾಗಗಳನ್ನು ತೆಗೆದುಹಾಕಿ ಹಾಡನ್ನು ಹತ್ತನೇ ಒಂದರಷ್ಟಕ್ಕೆ ಕುಗ್ಗಿಸಿತು. ಸಿ.ಡಿ.ಯಲ್ಲಿ ನಲವತ್ತು ಮೆಗಾಬೈಟ್ ಇದ್ದದ್ದು ನಾಲ್ಕಾಯಿತು. ನಾಲ್ಕು ಮೆಗಾಬೈಟಿನ ಆ ಹಾಡನ್ನು ಕೋಟಿ ಸಲ ನಕಲು ಮಾಡಿದರೂ ಅದು ಮಸುಕಾಗಲಿಲ್ಲ.

ನ್ಯಾಪ್‌ಸ್ಟರ್ ಮುಂದಿನ ಕಥೆ ಎಲ್ಲರಿಗೂ ಗೊತ್ತು. 1999ರ ಡಿಸೆಂಬರಿನಲ್ಲಿ ದೊಡ್ಡ ಕಂಪನಿಗಳ ಮೊಕದ್ದಮೆ, 2000ದಲ್ಲಿ ‘ಮೆಟಾಲಿಕಾ’ ತಂಡದ ಮೊಕದ್ದಮೆ, 2001ರ ಜುಲೈನಲ್ಲಿ ಬಾಗಿಲು. ಅದು ಮುಚ್ಚುವ ಹೊತ್ತಿಗೆ ಕಜಾ, ಲೈಮ್‌ವೈರ್, ಬಿಟ್‌ಟೊರೆಂಟ್ ಸಾಲುಗಟ್ಟಿ ನಿಂತಿದ್ದವು. ಈ ಕಥೆಯನ್ನು ಹೇಳುವವರೆಲ್ಲ ದೊಡ್ಡ ಕಂಪನಿಗಳ ಲೆಕ್ಕ ಹೇಳುತ್ತಾರೆ. 1999ರಲ್ಲಿ ಅಮೆರಿಕದ ರೆಕಾರ್ಡು ಉದ್ಯಮದ ಆದಾಯ 1,460 ಕೋಟಿ ಡಾಲರಿನಷ್ಟಿತ್ತು, ಹತ್ತು ವರ್ಷದಲ್ಲಿ ಅದು ಅರ್ಧದ ಹತ್ತಿರಕ್ಕೆ ಕುಸಿಯಿತು. ಸಣ್ಣ ಲೇಬಲ್‌ಗಳ ಕಥೆ ಇದರ ಚಿಕ್ಕ ಪ್ರತಿಯಲ್ಲ, ಅದು ಬೇರೆಯೇ ದಾರಿ ಹಿಡಿಯಿತು.

ಮರ್ಜ್‌ನ ಕಥೆಯನ್ನೇ ನೋಡಿ. ಉತ್ತರ ಕ್ಯಾರೊಲಿನಾದಲ್ಲಿ 1989ರಲ್ಲಿ ಮ್ಯಾಕ್ ಮೆಕಾಗನ್ ಮತ್ತು ಲಾರಾ ಬ್ಯಾಲೆನ್ಸ್ ಎಂಬ ಇಬ್ಬರು, ತಮ್ಮ ‘ಸೂಪರ್‌ಚಂಕ್’ ತಂಡದ ಮತ್ತು ಗೆಳೆಯರ ಹಾಡುಗಳನ್ನು ಹೊರತರಲೆಂದು ಅದನ್ನು ಶುರುಮಾಡಿದರು. ನಾನು ಮೊದಲು ಹೇಳಿದ ಏರೋಪ್ಲೇನ್ ಆಲ್ಬಂ 1998ರ ಫೆಬ್ರವರಿಯಲ್ಲಿ ಬಂದಾಗ ಅವರು ಮಾಡಿಸಿದ್ದು ಸುಮಾರು 5,500 ಸಿ.ಡಿ., 1,600 ಎಲ್.ಪಿ. ಒಂದು ವರ್ಷದೊಳಗೆ ತಂಡ ಹಾಡುವುದನ್ನು ನಿಲ್ಲಿಸಿತು. ಹಾಡುಗಾರ ಜೆಫ್ ಮ್ಯಾಂಗಮ್ ಸಂದರ್ಶನಗಳಿಂದಲೂ ವೇದಿಕೆಯಿಂದಲೂ ಹೆಚ್ಚುಕಡಿಮೆ ಕಾಣೆಯಾದ. ಮಾಮೂಲಿ ಲೆಕ್ಕದಲ್ಲಿ ಆ ಆಲ್ಬಂ ಅಲ್ಲಿಗೆ ಸಾಯಬೇಕಿತ್ತು. ಅದು ಸಾಯಲಿಲ್ಲ. ತಂಡವೇ ಇಲ್ಲದ, ಜಾಹೀರಾತೇ ಇಲ್ಲದ ಆ ಆಲ್ಬಂ ಮುಂದಿನ ಹತ್ತು ವರ್ಷ, ಹಾಸ್ಟೆಲಿನಿಂದ ಹಾಸ್ಟೆಲಿಗೆ, ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ಹರಡಿತು. ಅದರ ಬೆನ್ನಿಗೇ ಅಂಗಡಿಗಳಲ್ಲಿ ಅದರ ಎಲ್.ಪಿ. ವರ್ಷದಿಂದ ವರ್ಷಕ್ಕೆ ಮಾರುತ್ತಲೇ ಹೋಯಿತು. ಪುಕ್ಕಟೆ ಕೇಳಿದವರಲ್ಲಿ ಕೆಲವರು ಕೊಳ್ಳಲು ಬಂದರು. ಎಷ್ಟು ಮಂದಿಗೆ ಎಷ್ಟು ಮಂದಿ ಎಂದು ಯಾರು ಎಣಿಸಬಲ್ಲರು?

2004ರ ಸೆಪ್ಟೆಂಬರಿನಲ್ಲಿ ಮರ್ಜ್ ಕೆನಡಾದ ಮಾಂಟ್ರಿಯಲ್‌ನ ‘ಆರ್ಕೇಡ್ ಫೈರ್’ ತಂಡದ ಮೊದಲ ಆಲ್ಬಂ ‘ಫ್ಯೂನರಲ್’ ಅನ್ನು ತಂದಾಗ ಇದು ಇನ್ನೂ ಢಾಳಾಗಿ ಕಂಡಿತು. ‘ಪಿಚ್‌ಫೋರ್ಕ್’ ಎಂಬ ಜಾಲಪತ್ರಿಕೆ ಅದಕ್ಕೆ ಹತ್ತಕ್ಕೆ 9.7 ಅಂಕ ಕೊಟ್ಟಿತು. ಬ್ಲಾಗುಗಳಲ್ಲಿ ಹಾಡುಗಳು ಎಂಪಿ3 ರೂಪದಲ್ಲಿ ಹಾರಾಡಿದವು. ಮರ್ಜ್‌ನ ಗೋದಾಮಿನಲ್ಲಿದ್ದ ಪ್ರತಿಗಳು ಮುಗಿದೇಹೋದವು. ಹದಿನೈದು ವರ್ಷ ಹಳೆಯ ಲೇಬಲ್ ಅದುವರೆಗೆ ಕಂಡಿರದಷ್ಟು ಮಾರಾಟ. ರೇಡಿಯೋಗೆ ಹಣ ಸುರಿಯಲಾಗದ, ಟಿ.ವಿ.ಯಲ್ಲಿ ಮುಖ ತೋರಿಸಲಾಗದ ಒಂದು ಸಣ್ಣ ಸಂಸ್ಥೆಗೆ, ಅದರ ಹಾಡನ್ನು ಪುಕ್ಕಟೆಯಾಗಿ ಜಗತ್ತಿಗೆಲ್ಲ ಕೇಳಿಸುವ ಒಂದು ಯಂತ್ರ ಸಿಕ್ಕಿತ್ತು.

ಅರ್ಥಶಾಸ್ತ್ರಜ್ಞರೂ ಆ ಹೊತ್ತಿಗೆ ಲೆಕ್ಕಕ್ಕೆ ಕೂತಿದ್ದರು. ಫೆಲಿಕ್ಸ್ ಓಬರ್‌ಹೋಲ್ಜರ್-ಗೀ ಮತ್ತು ಕೋಲ್‌ಮನ್ ಸ್ಟ್ರಂಪ್ಫ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೌನ್‌ಲೋಡಿನಿಂದ ಮಾರಾಟಕ್ಕೆ ಆದ ಪರಿಣಾಮ ಸೊನ್ನೆಗಿಂತ ಬೇರೆಯೆಂದು ಹೇಳುವಷ್ಟಿಲ್ಲ ಎಂದರು. ಇದನ್ನು ಸ್ಟ್ಯಾನ್ ಲೀಬೊವಿಟ್ಜ್ ಮುಂತಾದವರು ಕಟುವಾಗಿ ವಿರೋಧಿಸಿದರು, ಆ ಜಗಳ ಇನ್ನೂ ಮುಗಿದಿಲ್ಲ. ನನಗೆ ಹೆಚ್ಚು ನಂಬಲರ್ಹವಾಗಿ ಕಂಡದ್ದು ಹಾರ್ವರ್ಡ್‌ನಲ್ಲಿ ಡೇವಿಡ್ ಬ್ಲ್ಯಾಕ್‌ಬರ್ನ್ 2004ರಲ್ಲಿ ಬರೆದದ್ದು. ಈಗಾಗಲೇ ಹೆಸರು ಮಾಡಿದವರ ಮಾರಾಟವನ್ನು ಡೌನ್‌ಲೋಡ್ ತಗ್ಗಿಸುತ್ತದೆ, ಹೆಸರೇ ಇಲ್ಲದವರ ಮಾರಾಟವನ್ನು ಹೆಚ್ಚಿಸುತ್ತದೆ ಎಂದು ಅವನ ಲೆಕ್ಕ ಹೇಳಿತು. ಯೋಚಿಸಿದರೆ ಸಹಜವೇ. ಯಾರಿಗೂ ಗೊತ್ತಿಲ್ಲದವನಿಗೆ ಕಳ್ಳನೂ ಪ್ರಚಾರಕನೇ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಿಶ್ಚಿಂತನಾಗಿ ಮಲಗಬಹುದಿತ್ತು. ಹಾಗಾದರೆ ಟಚ್ ಅಂಡ್ ಗೋದ ಹಂಚಿಕೆ ಏಕೆ ನಿಂತಿತು?

ರೆಕಾರ್ಡು ಅಂಗಡಿಗೆ ತಲುಪುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗುಟ್ಟು ಇರುವುದು ಅಲ್ಲಿ. ಸಣ್ಣ ಲೇಬಲ್‌ಗೆ ಹಾಡು ಸಿಗುವುದು ಕಷ್ಟವಲ್ಲ, ಹಣ ಕಷ್ಟ. ಸಾವಿರಾರು ಪ್ರತಿ ಮಾಡಿಸಲು ಕಾರ್ಖಾನೆಗೆ ಈಗಲೇ ಹಣ ಕೊಡಬೇಕು. ಅಂಗಡಿಯವನು ಕೊಡುವುದು ಎರಡು-ಮೂರು ತಿಂಗಳ ಉದ್ರಿಯ ಮೇಲೆ, ಮಾರದೆ ಉಳಿದದ್ದನ್ನು ವಾಪಸು ಕಳಿಸುವ ಹಕ್ಕನ್ನೂ ಇಟ್ಟುಕೊಂಡು. ಸಣ್ಣ ಪುಸ್ತಕ ಪ್ರಕಾಶನ ನಡೆಸಿದ ಯಾರನ್ನಾದರೂ ಕೇಳಿ, ಈ ಸಂಕಟವನ್ನು ಕಣ್ಣು ಮುಚ್ಚಿ ವರ್ಣಿಸುತ್ತಾರೆ. ಟಚ್ ಅಂಡ್ ಗೋ ಮಾಡುತ್ತಿದ್ದದ್ದು ಈ ಕಂದಕಕ್ಕೆ ಹಲಗೆ ಹಾಕುವ ಕೆಲಸ. ಮರ್ಜ್, ಕಿಲ್ ರಾಕ್ ಸ್ಟಾರ್ಸ್, ಡ್ರ್ಯಾಗ್ ಸಿಟಿ, ಜೇಡ್ ಟ್ರೀ ಹೀಗೆ ಇಪ್ಪತ್ತರಷ್ಟು ಲೇಬಲ್‌ಗಳ ರೆಕಾರ್ಡುಗಳನ್ನು ತಾನೇ ಮಾಡಿಸಿ, ಗೋದಾಮಿನಲ್ಲಿಟ್ಟು, ಅಂಗಡಿಗಳಿಗೆ ಕಳಿಸಿ, ಹಣ ವಸೂಲು ಮಾಡಿ, ತನ್ನ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿತ್ತು. ಹಾಗಾಗಿ ಕೈಯಲ್ಲಿ ಕಾಸಿಲ್ಲದ ಲೇಬಲ್ಲೂ ರೆಕಾರ್ಡು ತರಬಹುದಿತ್ತು.

ಆ ಹಲಗೆಯನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ಗೆಲುವುಗಳಲ್ಲ, ಹಳೆಯ ಪಟ್ಟಿ. ‘ಸ್ಲಿಂಟ್’ ತಂಡದ ‘ಸ್ಪೈಡರ್‌ಲ್ಯಾಂಡ್’ 1991ರಲ್ಲಿ ಬಂದಾಗ ಕೇಳಿದವರು ಬೆರಳೆಣಿಕೆಯಷ್ಟು. ಅದು ಹೊರಬರುವ ಹೊತ್ತಿಗೆ ತಂಡವೂ ಒಡೆದಿತ್ತು. ಆಮೇಲೆ ವರ್ಷಕ್ಕಿಷ್ಟು ವರ್ಷಕ್ಕಿಷ್ಟು ಎಂದು ಸದ್ದಿಲ್ಲದೆ ಮಾರುತ್ತ ಹೋಯಿತು. ಇಂಥ ನೂರಾರು ಹಳೆಯ ರೆಕಾರ್ಡುಗಳ ಹನಿಹನಿ ಆದಾಯವೇ ಗೋದಾಮಿನ ಬಾಡಿಗೆ, ಕೆಲಸಗಾರರ ಸಂಬಳ, ಮುಂದಿನ ಹೊಸ ತಂಡದ ಮೇಲೆ ಹೂಡುವ ಜೂಜಿನ ಹಣ. ಹೊಸ ಹಾಡಿಗೆ ಉಚಿತ ಡೌನ್‌ಲೋಡ್ ಜಾಹೀರಾತಾಗಬಹುದು. ಹದಿನೈದು ವರ್ಷ ಹಳೆಯ, ಈಗಾಗಲೇ ಪ್ರಸಿದ್ಧವಾದ ಹಾಡಿಗೆ ಜಾಹೀರಾತು ಬೇಕಿಲ್ಲ. ಅದನ್ನು ಹುಡುಕಿಕೊಂಡು ಬರುವವನು ಬೆಳಗಿನ ಜಾವದಲ್ಲಿ ನನ್ನಂತೆ ಒಂದು ಫೋಲ್ಡರನ್ನು ಎಳೆದುಕೊಂಡರೆ ಅಂಗಡಿಗೆ ಹೋಗುವ ಕಾರಣವೇ ಉಳಿಯುವುದಿಲ್ಲ. ಬ್ಲ್ಯಾಕ್‌ಬರ್ನ್‌ನ ಲೆಕ್ಕವನ್ನು ಇಲ್ಲಿಗೆ ತಂದರೆ, ಒಂದೇ ಲೇಬಲ್‌ನ ಒಳಗೇ ಹೊಸಬನಿಗೆ ಲಾಭ, ಹಳಬನಿಗೆ ನಷ್ಟ. ಆ ಹಳಬನ ಗಂಟಿನಿಂದಲೇ ಹೊಸಬನನ್ನು ಸಾಕಬೇಕಿತ್ತು ಎಂಬುದು ಸಂಕಟ. ಈ ಕೊನೆಯ ಹೆಜ್ಜೆ ನನ್ನದು, ಅವನದಲ್ಲ.

ಅಂಗಡಿಗಳೂ ಉಳಿಯಲಿಲ್ಲ. ಅಮೆರಿಕದ ದೊಡ್ಡ ಸರಪಳಿಯಾದ ‘ಟವರ್ ರೆಕಾರ್ಡ್ಸ್’ ತನ್ನ ದೇಶದ ಅಂಗಡಿಗಳನ್ನೆಲ್ಲ 2006ರ ಕೊನೆಯಲ್ಲಿ ಮುಚ್ಚಿತು. ಇಂಥ ಒಂದೊಂದು ಅಂಗಡಿ ಮುಳುಗಿದಾಗಲೂ ಹಂಚಿಕೆದಾರನ ಉದ್ರಿಯೂ ಅದರೊಡನೆ ಮುಳುಗುತ್ತದೆ. ಎಲ್ಲವನ್ನೂ ಡೌನ್‌ಲೋಡಿನ ತಲೆಗೆ ಕಟ್ಟುವುದು ಅನ್ಯಾಯ. ಸೂಪರ್ ಬಜಾರುಗಳು ಸಿ.ಡಿ.ಯನ್ನು ಗಿರಾಕಿ ಸೆಳೆಯಲು ಅಸಲಿಗಿಂತ ಕಡಿಮೆಗೆ ಮಾರಿ ಸಣ್ಣ ಅಂಗಡಿಗಳನ್ನು ಆಗಲೇ ಸೊರಗಿಸಿದ್ದವು. 2008ರ ಆರ್ಥಿಕ ಕುಸಿತ ಬೇರೆ. ರಸ್ಕ್ ತನ್ನ ಪ್ರಕಟಣೆಯಲ್ಲಿ ಹೇಳಿದ್ದು ಆರ್ಥಿಕ ಪರಿಸ್ಥಿತಿಯ ಕಾರಣವನ್ನು, ಡೌನ್‌ಲೋಡ್ ಮಾಡಿದವರನ್ನು ಬೈಯಲಿಲ್ಲ. ಬರ್ಕ್ಲಿಯ ‘ಲುಕ್‌ಔಟ್’ ಲೇಬಲ್ ಮುಳುಗಿದ್ದಕ್ಕೆ ತನ್ನ ತಂಡಗಳಿಗೆ ಕೊಡಬೇಕಾದ ಹಣವನ್ನು ಕೊಡದೆ ಹೋದದ್ದೇ ಮುಖ್ಯ ಕಾರಣ. 2005ರಲ್ಲಿ ‘ಗ್ರೀನ್ ಡೇ’ ತನ್ನ ಹಳೆಯ ಆಲ್ಬಂಗಳನ್ನು ವಾಪಸು ಪಡೆದ ಮೇಲೆ ಅದು ಚೇತರಿಸಿಕೊಳ್ಳಲಿಲ್ಲ. ಇಂಟರ್ನೆಟ್ಟಿನ ಸುಳಿವೇ ಇಲ್ಲದ 1991ರಲ್ಲಿ ಬ್ರಿಟನ್ನಿನ ‘ರಫ್ ಟ್ರೇಡ್’ ಹಂಚಿಕೆ ಸಂಸ್ಥೆ ಕುಸಿದು ಎಷ್ಟೋ ಸ್ವತಂತ್ರ ಲೇಬಲ್‌ಗಳನ್ನು ಜೊತೆಗೆ ಎಳೆದುಕೊಂಡು ಹೋಗಿತ್ತು. ಹಲಗೆ ಮೊದಲಿನಿಂದಲೂ ಸಪೂರವೇ.

ಆದರೂ ನನ್ನ ಪ್ರಶ್ನೆಗೆ ಉತ್ತರ ನುಣುಚಿಕೊಳ್ಳಬಾರದು. ಬೆಂಗಳೂರಿನ ಯಾವ ಅಂಗಡಿಯಲ್ಲೂ ನನಗೆ ಆ ಆಲ್ಬಂ ಸಿಗುತ್ತಿರಲಿಲ್ಲ, ತರಿಸಿಕೊಳ್ಳಲು ಡಾಲರ್ ಕೊಡುವ ಕಾರ್ಡೂ ಇರಲಿಲ್ಲ. ನಾನು ಡೌನ್‌ಲೋಡ್ ಮಾಡದಿದ್ದರೆ ಕೊಳ್ಳುತ್ತಿರಲಿಲ್ಲ, ಕೇಳುತ್ತಲೇ ಇರಲಿಲ್ಲ. ಇದು ವಕೀಲನ ಉತ್ತರ, ಲೆಕ್ಕದಲ್ಲಿ ಸರಿ. ಅದೇ ಹೊತ್ತಿನಲ್ಲಿ ಶಿಕಾಗೋದಲ್ಲಿ, ಅಂಗಡಿಯಿಂದ ನಾಲ್ಕು ಬೀದಿ ಆಚೆಯ ಹಾಸ್ಟೆಲಿನಲ್ಲಿದ್ದ ಹುಡುಗನೂ ಅದೇ ಮಾಡುತ್ತಿದ್ದ. ಇಬ್ಬರಿಗೂ ಫೋಲ್ಡರು ಒಂದೇ. ಅವನ ಮತ್ತು ನನ್ನ ನಡುವಿನ ವ್ಯತ್ಯಾಸ ಆ ಫೈಲಿಗೆ ಗೊತ್ತಿರಲಿಲ್ಲ, ನಾವಿಬ್ಬರೂ ಎಳೆದುಕೊಂಡದ್ದು ಯಾರ ಗೋದಾಮಿನಿಂದ ಎಂಬುದೂ ಅದರಲ್ಲಿ ಬರೆದಿರಲಿಲ್ಲ. ಸ್ಪೈಡರ್‌ಲ್ಯಾಂಡ್‌ನ ಹೊದಿಕೆಯ ಹಿಂದೆ, ಹಾಡಲು ಆಸಕ್ತಿಯಿರುವ ಹೆಂಗಸರು ಪತ್ರ ಬರೆಯಿರಿ ಎಂದು ವಿಳಾಸದೊಂದಿಗೆ ಒಂದು ಕೋರಿಕೆ ಇತ್ತು. ರೆಕಾರ್ಡು ಕೊಂಡವರಿಗೆ ಪತ್ರ ಹಾಕಲು ಒಂದು ಬಾಗಿಲಿತ್ತು. ನಾನು ಆ ಆಲ್ಬಂ ಅನ್ನು ವರ್ಷಗಟ್ಟಲೆ ಕೇಳಿದೆ, ಆ ಸಾಲನ್ನು ನೋಡಿರಲಿಲ್ಲ.

ಹಂಚಿಕೆ ನಿಂತ ಮೇಲೆ ಟಚ್ ಅಂಡ್ ಗೋ ಸಣ್ಣದಾಗಿ ಉಳಿಯಿತು, ಹಳೆಯ ಪಟ್ಟಿಯನ್ನು ಜೋಪಾನ ಮಾಡುತ್ತ. ಮರ್ಜ್ ಬೇರೆ ದಾರಿ ಹುಡುಕಿತು. ಹಂಚಿಕೆಗೆ ‘ಎಡಿಎ’ ಎಂಬ ಸಂಸ್ಥೆಯ ಬಳಿ ಹೋಯಿತು. ಅದು ವಾರ್ನರ್ ಎಂಬ ದೊಡ್ಡ ಕಂಪನಿಯ ಕೈಕೆಳಗಿನದು. 2010ರ ಆಗಸ್ಟಿನಲ್ಲಿ ಆರ್ಕೇಡ್ ಫೈರ್‌ನ ‘ದಿ ಸಬರ್ಬ್ಸ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು, 2011ರ ಫೆಬ್ರವರಿಯಲ್ಲಿ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಪಡೆಯಿತು. ಸಣ್ಣವರ ದೊಡ್ಡ ಗೆಲುವು ಎಂದು ಎಲ್ಲರೂ ಸಂಭ್ರಮಿಸಿದರು, ಸಂಭ್ರಮ ಸುಳ್ಳಲ್ಲ. ಆ ಗೆಲುವು ಅಂಗಡಿಗೆ ಬಂದದ್ದು ಮಾತ್ರ ದೊಡ್ಡವರ ಗಾಡಿಯಲ್ಲಿ. ಸಣ್ಣವರು ಸೇರಿ ಓಡಿಸುತ್ತಿದ್ದ ಗಾಡಿ ಆಗಲೇ ಕಳಚಿಹೋಗಿತ್ತು.

ಉಳಿದವರು ಉಳಿದ ಬಗೆಗಳೂ ಸ್ವಾರಸ್ಯವಾಗಿವೆ. ದೊಡ್ಡ ಕಂಪನಿಗಳು ಹಾಡಿನ ಫೈಲಿಗೆ ಬೀಗ ಹಾಕುವುದರಲ್ಲಿ ತಲೆಕೆಡಿಸಿಕೊಂಡಿದ್ದಾಗ ಅನೇಕ ಸ್ವತಂತ್ರ ಲೇಬಲ್‌ಗಳು ಬೀಗವಿಲ್ಲದ ಎಂಪಿ3ಯನ್ನೇ ಮಾರಿದವು. ಬ್ರಿಟನ್ನಿನ ‘ವಾರ್ಪ್’ 2004ರಲ್ಲೇ ಅದಕ್ಕೊಂದು ಅಂಗಡಿ ತೆರೆಯಿತು. ಮರ್ಜ್ 2005ರ ಸುಮಾರಿಗೆ ಎಲ್.ಪಿ.ಗಳ ಹೊದಿಕೆಯೊಳಗೆ ಒಂದು ಚೀಟಿ ಇಡಲು ಶುರುಮಾಡಿತು. ಚೀಟಿಯಲ್ಲಿದ್ದ ಸಂಕೇತವನ್ನು ಜಾಲತಾಣದಲ್ಲಿ ಒತ್ತಿದರೆ ಅದೇ ಹಾಡುಗಳು ಕಂಪ್ಯೂಟರಿಗೂ ಇಳಿಯುತ್ತಿದ್ದವು. ರೆಕಾರ್ಡನ್ನು ಕೊಳ್ಳಿ, ಡೌನ್‌ಲೋಡು ಪುಕ್ಕಟೆ. ಪುಕ್ಕಟೆ ಎಂಬ ಮಾತನ್ನೇ ತಿರುಗಿಸಿ ತಮ್ಮ ಕಡೆಗೆ ಹಾಕಿಕೊಂಡ ಈ ಉಪಾಯ ಬೇಗ ಎಲ್ಲೆಡೆ ಹರಡಿತು. ಡಿಸ್ಕಾರ್ಡ್ ತನ್ನದೇ ಧಾಟಿಯಲ್ಲಿ ನಡೆಯಿತು. ಫುಗಾಜಿ ತಂಡದ ನೂರಾರು ಕಛೇರಿಗಳ ಧ್ವನಿಮುದ್ರಣವನ್ನು 2011ರಿಂದ ಜಾಲಕ್ಕೆ ಹಾಕುತ್ತ, ಒಂದಕ್ಕೆ ಐದು ಡಾಲರ್ ಎಂದು ಸೂಚಿಸಿ, ಬೇಕಿದ್ದರೆ ಒಂದು ಡಾಲರ್ ಕೊಡಿ, ಬೇಕಿದ್ದರೆ ನೂರು ಕೊಡಿ ಎಂದಿತು. 2008ರಲ್ಲಿ ಬಂದ ‘ಬ್ಯಾಂಡ್‌ಕ್ಯಾಂಪ್’ ಈ ಬಗೆಯ ವ್ಯಾಪಾರವನ್ನು ಯಾರು ಬೇಕಾದರೂ ಮಾಡುವಂತೆ ಮಾಡಿತು.

2011ರ ಆಗಸ್ಟ್ 8ರ ರಾತ್ರಿ, ಲಂಡನ್ನಿನ ಗಲಭೆಗಳ ನಡುವೆ ಎನ್‌ಫೀಲ್ಡ್‌ನಲ್ಲಿದ್ದ ಸೋನಿಯ ಗೋದಾಮಿಗೆ ಬೆಂಕಿ ಬಿತ್ತು. ‘ಪಿಯಾಸ್’ ಎಂಬ ಹಂಚಿಕೆ ಸಂಸ್ಥೆಯ ಮೂಲಕ ನೂರೈವತ್ತಕ್ಕೂ ಹೆಚ್ಚು ಸ್ವತಂತ್ರ ಲೇಬಲ್‌ಗಳ ರೆಕಾರ್ಡುಗಳು ಅಲ್ಲಿದ್ದವು, ಎಲ್ಲವೂ ಸುಟ್ಟುಹೋದವು. ಆ ವಾರ ಅಭಿಮಾನಿಗಳು ಪರಸ್ಪರ ಹೇಳಿಕೊಂಡ ಒಂದು ಮಾತಿತ್ತು: ರೆಕಾರ್ಡು ಮತ್ತೆ ಅಚ್ಚಾಗಿ ಬರುವ ತನಕ ಕಾಯಬೇಡಿ, ಇವರ ಹಾಡುಗಳನ್ನು ಈಗಲೇ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳಿ. ಹತ್ತು ವರ್ಷ ಬೈಸಿಕೊಂಡ ಡೌನ್‌ಲೋಡ್, ಗೋದಾಮು ಬೂದಿಯಾದ ದಿನ ಕೈಹಿಡಿಯಲು ಬಂತು.

ಈಗಿನ ವಿದ್ಯಾ‍ರ್ಥಿಗಳಿಗೆ ಡೌನ್‌ಲೋಡ್ ಎಂಬುದೇ ಹಳೆಯ ಪದ. ತಿಂಗಳಿಗಿಷ್ಟು ಕಟ್ಟಿದರೆ, ಅಥವಾ ನಡುನಡುವೆ ಜಾಹೀರಾತು ಸಹಿಸಿಕೊಂಡರೆ, ಎಲ್ಲ ಹಾಡೂ ಹರಿದು ಬರುತ್ತದೆ. ಆಲ್ಬಿನಿ 2014ರಲ್ಲಿ ಮೆಲ್ಬರ್ನ್‌ನಲ್ಲಿ ಮಾತಾಡುತ್ತ, ತಾನು 1993ರಲ್ಲಿ ಬೈದಿದ್ದ ಸಮಸ್ಯೆಯನ್ನು ಇಂಟರ್ನೆಟ್ ಬಗೆಹರಿಸಿದೆ ಎಂಬರ್ಥದಲ್ಲಿ ಹೇಳಿದ. ನಡುವಿನ ದಲ್ಲಾಳಿಗಳು ತೊಲಗಿದರು, ತಂಡ ಮತ್ತು ಕೇಳುಗ ಎದುರುಬದುರಾದರು ಎಂದು ಅವನ ಖುಷಿ. ಅವನ ಮೇಲೆ ನನಗೆ ಬಹಳ ಗೌರವ. 2024ರಲ್ಲಿ ಅವನು ತೀರಿಕೊಂಡಾಗ ಹತ್ತಿರದವರು ಹೋದಷ್ಟು ಬೇಸರವಾಯಿತು. ಆದರೂ ಈ ಮಾತಿನಲ್ಲಿ ಅವನು ಒಂದನ್ನು ಬಿಟ್ಟ ಎನಿಸುತ್ತದೆ. ತೊಲಗಿದ ನಡುವಿನವರಲ್ಲಿ ಎಲ್ಲರೂ ದಲ್ಲಾಳಿಗಳಾಗಿರಲಿಲ್ಲ. ಅವನ ತಂಡದ ರೆಕಾರ್ಡುಗಳನ್ನು ಕಾಗದವಿಲ್ಲದೆ ಕೈಕುಲುಕಿ ಹೊರತಂದ ಗೆಳೆಯನೂ ನಡುವಿನವನೇ.

ಮೊನ್ನೆ ಅಮೆರಿಕದಿಂದ ಬಂದ ಗೆಳೆಯನೊಬ್ಬ ಏರೋಪ್ಲೇನ್‌ನ ಎಲ್.ಪಿ. ತಂದುಕೊಟ್ಟ. ನಾನೇ ಹಣ ಕೊಟ್ಟು ತರಿಸಿದ್ದು. ಹೊದಿಕೆಯ ಮೇಲೆ ಹಳೆಯ ಪೋಸ್ಟ್‌ಕಾರ್ಡಿನಿಂದ ಎದ್ದುಬಂದಂಥ ಹೆಂಗಸು, ಮುಖವಿರಬೇಕಾದಲ್ಲಿ ಒಂದು ಡೋಲಿನ ಚರ್ಮ. ನನ್ನ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ. ಹೊದಿಕೆಯೊಳಗೆ ಕೈ ಹಾಕಿದಾಗ ಆ ಚೀಟಿ ಸಿಕ್ಕಿತು. ಜಾಲತಾಣ ತೆರೆದು ಸಂಕೇತ ಒತ್ತಿದೆ. ಹನ್ನೊಂದು ಹಾಡುಗಳು ಒಂದೊಂದಾಗಿ ಇಳಿಯತೊಡಗಿದವು. ಹೊಸ ಫೋಲ್ಡರಿಗೆ ಹೆಸರು ಕೊಡುವಾಗ, ಆಲ್ಬಂನ ಹೆಸರಿನ ಮುಂದೆ ‘ಮರ್ಜ್, 1998’ ಎಂದು ಸೇರಿಸಿದೆ.